ಪ್ಲಾಸ್ಮಾದ ಹೊಸ ಆವೃತ್ತಿ: ಡೆಸ್ಕ್‌ಟಾಪ್ ಕೆಡದಂತೆ ಅಪ್‌ಡೇಟ್ ಮಾಡುವ ಬಗೆ

ಅಪ್‌ಡೇಟ್ ಮುಗಿಸಿ ಲಾಗಿನ್ ಆದರೆ ಪ್ಯಾನೆಲ್ ಇಲ್ಲ. ವಿಜೆಟ್ ಇದ್ದ ಕಡೆ ಎರರ್ ಸಂದೇಶ. ಲಿನಕ್ಸ್ ಕಂಪ್ಯೂಟರ್‌ಗಳ ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ ಹೀಗಾದಾಗ ಎಲ್ಲರೂ ಹೊಸ ಆವೃತ್ತಿಯನ್ನೇ ದೂರುತ್ತಾರೆ. ಆದರೆ ಮೊದಲು ಅನುಮಾನಿಸಬೇಕಾದವು ಮೂರು: ಹೋಮ್ ಫೋಲ್ಡರಿನಲ್ಲಿ ಉಳಿದ ಹಳೆಯ ಸೆಟ್ಟಿಂಗ್, ಹೊರಗಿನಿಂದ ಹಾಕಿಕೊಂಡ ವಿಜೆಟ್ ಅಥವಾ ಥೀಮ್, ಅರ್ಧಕ್ಕೆ ನಿಂತ ಅಪ್‌ಡೇಟ್. ಈ ಮೂರನ್ನೂ ಮೊದಲೇ ನೋಡಿಕೊಂಡರೆ ಹೊಸ ಆವೃತ್ತಿಗೆ ಹೋಗುವುದು ಹೆದರುವ ಕೆಲಸವೇ ಅಲ್ಲ.

ಸಂಖ್ಯೆ ಓದುವುದನ್ನು ಕಲಿಯಿರಿ

‘ಕೆಡಿಇ ಹೊಸ ಆವೃತ್ತಿ ಬಂತು’ ಎಂದರೆ ಯಾವುದು ಬಂತು ಎಂದು ಗೊತ್ತಾಗುವುದಿಲ್ಲ. 2014ರಿಂದ ಕೆಡಿಇ ಮೂರು ಭಾಗಗಳಾಗಿ ಬಿಡುಗಡೆಯಾಗುತ್ತಿದೆ. ಫ್ರೇಮ್‌ವರ್ಕ್ಸ್ ಎಂಬ ಲೈಬ್ರರಿಗಳು ತಿಂಗಳಿಗೊಮ್ಮೆ ಬರುತ್ತವೆ. ಡಾಲ್ಫಿನ್, ಕೇಟ್, ಓಕ್ಯುಲರ್‌ನಂಥ ಆ್ಯಪ್‌ಗಳ ಗುಚ್ಛವಾದ ಗಿಯರ್ ಸಾಮಾನ್ಯವಾಗಿ ಏಪ್ರಿಲ್, ಆಗಸ್ಟ್, ಡಿಸೆಂಬರ್‌ನಲ್ಲಿ ಬರುತ್ತದೆ. ಅದರ ಸಂಖ್ಯೆಯಲ್ಲಿ ವರ್ಷ, ತಿಂಗಳು ಎರಡೂ ಇರುತ್ತವೆ: 24.12 ಎಂದರೆ 2024ರ ಡಿಸೆಂಬರ್. ಮೂರನೆಯದು ಪ್ಲಾಸ್ಮಾ, ಅಂದರೆ ಡೆಸ್ಕ್‌ಟಾಪ್. 2024ರ ಫೆಬ್ರವರಿ 28ರಂದು ಮಾತ್ರ ಮೂರೂ ಒಟ್ಟಿಗೆ ಬಂದವು, ಏಕೆಂದರೆ ಎಲ್ಲವೂ ಏಕಕಾಲಕ್ಕೆ ಕೆಡಿಇಯ ತಳಹದಿಯಾದ ಕ್ಯೂಟಿ ಲೈಬ್ರರಿಯ 6ನೇ ಆವೃತ್ತಿಗೆ ಬದಲಾಗಬೇಕಿತ್ತು.

ನಿಮ್ಮಲ್ಲಿ ಏನಿದೆ ಎಂದು ತಿಳಿಯಲು ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ದಿಸ್ ಸಿಸ್ಟಮ್’ ಪುಟ ತೆರೆಯಿರಿ. ಪ್ಲಾಸ್ಮಾ, ಫ್ರೇಮ್‌ವರ್ಕ್ಸ್, ಕ್ಯೂಟಿ, ಕರ್ನಲ್ ಸಂಖ್ಯೆಗಳ ಜೊತೆಗೆ ನೀವು ವೇಲ್ಯಾಂಡ್‌ನಲ್ಲಿದ್ದೀರೋ ಎಕ್ಸ್11ನಲ್ಲೋ (ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹೊಸ ಮತ್ತು ಹಳೆಯ ವ್ಯವಸ್ಥೆಗಳು) ಎಂಬುದೂ ಅಲ್ಲಿದೆ. ಅಪ್‌ಡೇಟ್‌ಗೆ ಮೊದಲು ಈ ಪುಟವನ್ನು ಕಾಪಿ ಮಾಡಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಪ್ಲಾಸ್ಮಾದ ದೋಷ ತಿದ್ದುವ ಬಿಡುಗಡೆಗಳಿಗೆ ಒಂದು ಚೆಂದದ ಲೆಕ್ಕವಿದೆ: 1, 1, 2, 3, 5. ಫಿಬೊನಾಚಿ ಸರಣಿಯೇ, ವಾರಗಳಲ್ಲಿ. 6.1.0 ಬಂದದ್ದು 2024ರ ಜೂನ್ 18ಕ್ಕೆ. ಒಂದು ವಾರಕ್ಕೆ ಜೂನ್ 25ರಂದು 6.1.1, ಇನ್ನೊಂದು ವಾರಕ್ಕೆ ಜುಲೈ 2ರಂದು 6.1.2, ಎರಡು ವಾರ ಬಿಟ್ಟು ಜುಲೈ 16ಕ್ಕೆ 6.1.3. ಆಮೇಲೆ ಮೂರು ವಾರ, ಕೊನೆಗೆ ಐದು ವಾರ. ಹೊಸ ಆವೃತ್ತಿ ಜನರ ಕೈ ಸೇರಿದ ಕೂಡಲೇ ದೂರುಗಳು ಸುರಿಯುತ್ತವೆ, ಆದ್ದರಿಂದ ಶುರುವಿನ ತಿದ್ದುಪಡಿಗಳು ಬೇಗ ಬೇಗ ಬರುತ್ತವೆ. ಇರುವುದೊಂದೇ ಕಂಪ್ಯೂಟರ್, ಅದರಲ್ಲೇ ದಿನದ ಕೆಲಸ ಎನ್ನುವವರು ಕೊನೆಯ ಅಂಕಿ 2 ಅಥವಾ 3 ಆಗುವವರೆಗೆ ಕಾಯುವುದು ಒಳ್ಳೆಯದು. ಅಷ್ಟರಲ್ಲಿ ಎರಡರಿಂದ ನಾಲ್ಕು ವಾರ ಕಳೆದಿರುತ್ತದೆ. ಕೊನೆಯ ಅಂಕಿ 80 ಅಥವಾ 90ರ ಆಸುಪಾಸು ಇದ್ದರೆ ಅದು ಮುಂದಿನ ಆವೃತ್ತಿಯ ಪರೀಕ್ಷಾರ್ಥ ರೂಪ: 6.0.90 ಎಂದರೆ 6.1ರ ಬೀಟಾ. ಅದನ್ನು ಬೇರೆ ಯಂತ್ರದಲ್ಲೋ ಲೈವ್ ಪೆನ್‌ಡ್ರೈವ್‌ನಲ್ಲೋ ನೋಡಿ.

ಇನ್ನು ಡಿಸ್ಟ್ರೋ, ಅಂದರೆ ನೀವು ಬಳಸುವ ಲಿನಕ್ಸ್ ವಿತರಣೆ, ನಿಮಗೆ ಹೊಸದನ್ನು ಕೊಡದೆಯೂ ಇರಬಹುದು. ಡೆಬಿಯನ್ 12 ಮತ್ತು ಕುಬುಂಟು 24.04 ಎರಡೂ 5.27 ಸರಣಿಯಲ್ಲಿವೆ. ಡೆಬಿಯನ್ 13ರಲ್ಲಿ 6.3 ಇದೆ. 5.27ರ ಮೇಲೆ ಬೇರೆ ಡಿಸ್ಟ್ರೋದ ಪ್ಯಾಕೇಜ್ ತಂದು 6 ಹಾಕಲು ಹೋಗಬೇಡಿ. ಕ್ಯೂಟಿಯಿಂದ ಹಿಡಿದು ಎಲ್ಲವೂ ಬದಲಾಗಬೇಕು, ನಡುವೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಡಿಸ್ಟ್ರೋವನ್ನೇ ಮೇಲಿನ ಆವೃತ್ತಿಗೆ ಏರಿಸುವುದು ಸರಿಯಾದ ದಾರಿ.

ಮೊದಲು ಸೆಟ್ಟಿಂಗ್‌ಗಳನ್ನು ಕಾಪಾಡಿ

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಹೊಸ ಆವೃತ್ತಿ ಮೊದಲ ಸಲ ತೆರೆದಾಗ ಕೆಕಾನ್ಫ್ ಅಪ್‌ಡೇಟ್ ಎಂಬ ಸಾಧನ ನಿಮ್ಮ ಸೆಟ್ಟಿಂಗ್ ಫೈಲ್‌ಗಳನ್ನು ಹೊಸ ರೂಪಕ್ಕೆ ತಿದ್ದುತ್ತದೆ. ಅದರ ಕೆಲಸ ಮುಂದಕ್ಕೆ ಮಾತ್ರ. ಪ್ಯಾಕೇಜ್‌ಗಳನ್ನು ಹಿಂದಿನ ಆವೃತ್ತಿಗೆ ಇಳಿಸಿದರೂ ಸೆಟ್ಟಿಂಗ್ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಓಪನ್‌ಸೂಸೆ ಟಂಬಲ್‌ವೀಡ್‌ನಲ್ಲಿ ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್ (ಸಿಸ್ಟಮ್‌ನ ಹಿಂದಿನ ಸ್ಥಿತಿಯ ಪ್ರತಿ) ಇದೆಯಲ್ಲ ಎಂದು ನಿಶ್ಚಿಂತರಾಗಿ ಇರುವವರಿಗೂ ಈ ಮಾತು ಅನ್ವಯಿಸುತ್ತದೆ: ಆ ಸ್ನ್ಯಾಪ್‌ಶಾಟ್‌ನಲ್ಲಿ ಹೋಮ್ ಫೋಲ್ಡರ್ ಸೇರಿರುವುದಿಲ್ಲ.

ಡಾಲ್ಫಿನ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಚುಕ್ಕೆಯಿಂದ ಶುರುವಾಗುವ ಕಾನ್ಫಿಗ್ ಫೋಲ್ಡರ್ ಪೂರ್ತಿ ಬೇಕು. ಪ್ಯಾನೆಲ್ ವಿನ್ಯಾಸ ಇರುವುದು ಅದರೊಳಗೆ, ಹೆಸರಿನ ಕೊನೆಯಲ್ಲಿ ‘ಆಪ್ಲೆಟ್ಸ್‌ಆರ್‌ಸಿ’ ಎಂದಿರುವ ಫೈಲ್‌ನಲ್ಲಿ. ‘ಕೆವಿನ್‌ಆರ್‌ಸಿ’ ಕಿಟಕಿಗಳನ್ನು ನಿಭಾಯಿಸುವ ಕೆವಿನ್‌ನದು, ‘ಕೆಗ್ಲೋಬಲ್‌ಶಾರ್ಟ್‌ಕಟ್ಸ್‌ಆರ್‌ಸಿ’ ಕೀಲಿ ಸಂಯೋಜನೆಗಳದು. ಚುಕ್ಕೆಯ ಲೋಕಲ್ ಫೋಲ್ಡರಿನೊಳಗಿನ ಶೇರ್‌ನಿಂದ ಪ್ಲಾಸ್ಮಾ, ಕೆವಿನ್, ಕಲರ್-ಸ್ಕೀಮ್ಸ್, ಕೊನ್ಸೋಲ್, ಕೆವಾಲೆಟ್‌ಡಿ ಸಾಕು. ಇಡೀ ಶೇರ್ ಎತ್ತಿಕೊಂಡರೆ ಕಸದ ಬುಟ್ಟಿ, ಬಲೂ ಹುಡುಕಾಟದ ಇಂಡೆಕ್ಸ್ ಎಲ್ಲವೂ ಸೇರಿ ಗಾತ್ರ ಸುಮ್ಮನೆ ಉಬ್ಬುತ್ತದೆ. ಪೆನ್‌ಡ್ರೈವ್‌ಗೆ ನೇರವಾಗಿ ಕಾಪಿ ಮಾಡಬೇಡಿ. ಅವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿರುತ್ತವೆ, ಅದರಲ್ಲಿ ಅನುಮತಿಗಳು ಉಳಿಯುವುದಿಲ್ಲ, ಸಿಂಬಾಲಿಕ್ ಲಿಂಕ್‌ಗಳೂ ಉಳಿಯುವುದಿಲ್ಲ. ಮೊದಲು ಟಾರ್ ಕಡತವಾಗಿ ಕಟ್ಟಿ, ಆಮೇಲೆ ಸಾಗಿಸಿ.

ಹೊರಗಿನ ವಿಜೆಟ್‌ಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಿ. 5ರಿಂದ 6ಕ್ಕೆ ಹೋಗುವುದಾದರೆ, 6ಕ್ಕೆಂದು ತಿದ್ದದ ಪ್ಲಾಸ್ಮಾ 5ರ ವಿಜೆಟ್ ನಡೆಯುವುದೇ ಇಲ್ಲ. ತಾವೇ ಕಂಪೈಲ್ ಮಾಡಿದ ಕೆವಿನ್ ಎಫೆಕ್ಟ್‌ಗಳನ್ನು ಪ್ರತಿ ಹೊಸ ಕೆವಿನ್‌ಗೂ ಮತ್ತೆ ಕಂಪೈಲ್ ಮಾಡಬೇಕು, ಏಕೆಂದರೆ ಕೆವಿನ್‌ನ ಒಳಗಿನ ಇಂಟರ್‌ಫೇಸ್ ಸ್ಥಿರವಲ್ಲ. ಗ್ಲೋಬಲ್ ಥೀಮ್ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ಬರೀ ಬಣ್ಣ, ಚಿತ್ರಗಳಲ್ಲ, ಅದರೊಳಗೆ ಕೋಡ್ ಓಡುತ್ತದೆ. 2024ರ ಮಾರ್ಚ್‌ನಲ್ಲಿ ಇಂಥದ್ದೊಂದು ಥೀಮ್ ಹಾಕಿದ ಬಳಕೆದಾರರೊಬ್ಬರ ಫೈಲ್‌ಗಳೇ ಅಳಿಸಿಹೋದವು.

ಅಪ್‌ಡೇಟ್ ಓಡಿಸುವಾಗ

ಮೊದಲು ಸ್ಕ್ರೀನ್ ಲಾಕ್ ತಾನಾಗಿ ಬೀಳದಂತೆ ನಿಲ್ಲಿಸಿ. ಕಾರಣ ಸರಳ: ಈಗ ಓಡುತ್ತಿರುವ ಡೆಸ್ಕ್‌ಟಾಪ್ ಹಳೆಯ ಲೈಬ್ರರಿಗಳನ್ನು ಮೆಮೊರಿಯಲ್ಲಿ ಹಿಡಿದಿರುತ್ತದೆ, ಲಾಕ್ ಪರದೆ ಮಾತ್ರ ಪ್ರತಿ ಸಲ ಹೊಸ ಪ್ರೊಸೆಸ್ ಆಗಿ ಡಿಸ್ಕ್‌ನಿಂದ ಏಳುತ್ತದೆ. ಅಪ್‌ಡೇಟ್ ನಡುವೆ ಅಲ್ಲಿ ಅರ್ಧ ಹಳೆಯದು, ಅರ್ಧ ಹೊಸದು. ಲಾಕರ್ ಮುರಿದಿದೆ ಎಂಬ ಕಪ್ಪು ಪರದೆ ಬಂದುಬಿಟ್ಟರೆ ಪವರ್ ಬಟನ್ ಒತ್ತಬೇಡಿ, ನಡೆಯುತ್ತಿರುವ ಅಪ್‌ಡೇಟ್ ತುಂಡಾಗುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ತೆರೆಯುವ ಕನ್ಸೋಲ್‌ನಲ್ಲಿ (ಬರೀ ಅಕ್ಷರಗಳ ಪರದೆ) ಲಾಗಿನ್ ಆಗಿ, ‘ಲಾಗಿನ್‌ಸಿಟಿಎಲ್ ಅನ್‌ಲಾಕ್-ಸೆಷನ್ಸ್’ ಆಜ್ಞೆ ಕೊಟ್ಟು ಹಿಂದಿರುಗಿ. ಕೆಡಿಇಯ ಆ್ಯಪ್ ಸ್ಟೋರ್ ಆದ ಡಿಸ್ಕವರ್‌ನಲ್ಲಿ ‘ಆಫ್‌ಲೈನ್ ಅಪ್‌ಡೇಟ್’ ಆಯ್ಕೆ ಇದ್ದರೆ ಅದನ್ನೇ ಬಳಸಿ. ರೀಸ್ಟಾರ್ಟ್ ಸಮಯದಲ್ಲಿ ಪ್ಯಾಕೇಜ್‌ಗಳು ಬದಲಾಗುವುದರಿಂದ ಈ ತಾಪತ್ರಯವೇ ಇಲ್ಲ.

ಆಜ್ಞೆಯ ಆಯ್ಕೆಯಲ್ಲೂ ತಪ್ಪುಗಳಾಗುತ್ತವೆ. ಟಂಬಲ್‌ವೀಡ್‌ನಲ್ಲಿ ‘ಝಿಪ್ಪರ್ ಡಪ್’ ಸರಿ, ‘ಝಿಪ್ಪರ್ ಅಪ್’ ತಪ್ಪು. ಕೆಡಿಇ ನಿಯಾನ್‌ನಲ್ಲಿ ‘ಪಿಕೆಕಾನ್ ಅಪ್‌ಡೇಟ್’ ಅಥವಾ ‘ಆಪ್ಟ್ ಫುಲ್-ಅಪ್‌ಗ್ರೇಡ್’. ಬರೀ ‘ಆಪ್ಟ್ ಅಪ್‌ಗ್ರೇಡ್’ ಹಳೆಯ ಪ್ಯಾಕೇಜ್ ತೆಗೆಯಬೇಕಾದ ಕಡೆ ಸುಮ್ಮನೆ ತಡೆದು ನಿಲ್ಲುತ್ತದೆ. ಆರ್ಚ್‌ನಲ್ಲಿ ಪ್ಲಾಸ್ಮಾ ಒಂದನ್ನೇ ಆರಿಸಿ ಹೊಸದು ಮಾಡಬಾರದು, ಇಡೀ ಸಿಸ್ಟಮ್ ಒಮ್ಮೆಗೇ ಆಗಬೇಕು. 6.4ರಲ್ಲಿ ಕೆವಿನ್ ಎಕ್ಸ್11 ಮತ್ತು ವೇಲ್ಯಾಂಡ್ ಎಂದು ಎರಡು ಹೋಳಾಯಿತು. ಆರ್ಚ್‌ನಲ್ಲಿ ಎಕ್ಸ್11 ಬೇಕಾದವರು ‘ಪ್ಲಾಸ್ಮಾ-ಎಕ್ಸ್11-ಸೆಷನ್’ ಪ್ಯಾಕೇಜನ್ನು ತಾವೇ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಲಾಗಿನ್ ಪರದೆಯಲ್ಲಿ ಆ ಹೆಸರೇ ಇರುವುದಿಲ್ಲ.

ಮುಗಿದ ಮೇಲೆ ಲಾಗೌಟ್ ಸಾಲದು, ರೀಬೂಟ್ ಮಾಡಿ.

ಕೆಟ್ಟರೆ ಹುಡುಕುವ ಕ್ರಮ

ನಡವಳಿಕೆ ಬದಲಾಗಿದ್ದರೆ ಅದನ್ನು ದೋಷ ಎಂದುಕೊಳ್ಳಬೇಡಿ. ಕೆಡಿಇ ಸೆಟ್ಟಿಂಗ್ ಫೈಲ್‌ನಲ್ಲಿ ಉಳಿಯುವುದು ನೀವು ಬದಲಿಸಿದ್ದು ಮಾತ್ರ, ಮಿಕ್ಕಿದ್ದಕ್ಕೆಲ್ಲ ಡಿಫಾಲ್ಟ್ ಅನ್ವಯಿಸುತ್ತದೆ. ಡಿಫಾಲ್ಟ್ ಬದಲಾದರೆ ನಿಮ್ಮ ಡೆಸ್ಕ್‌ಟಾಪೂ ಬದಲಾಗುತ್ತದೆ. 6.0ರಲ್ಲಿ ಫೈಲ್ ತೆರೆಯಲು ಒಂದು ಕ್ಲಿಕ್ ಬದಲು ಎರಡು ಬೇಕಾಯಿತು, ಪ್ಯಾನೆಲ್ ಅಂಚಿನಿಂದ ಬೇರ್ಪಟ್ಟು ತೇಲತೊಡಗಿತು. ಇವೆರಡನ್ನೂ ಸೆಟ್ಟಿಂಗ್‌ನಲ್ಲಿ ಹಿಂದಿನಂತೆ ಮಾಡಬಹುದು.

ಪ್ಯಾನೆಲ್ ಕಾಣದಿದ್ದರೆ ಆಲ್ಟ್ ಮತ್ತು ಎಫ್2 ಒತ್ತಿ ‘ಪ್ಲಾಸ್ಮಾಶೆಲ್ --ರಿಪ್ಲೇಸ್’ ಓಡಿಸಿ. ಬಗೆಹರಿಯದಿದ್ದರೆ ಹೊಸ ಯೂಸರ್ ಖಾತೆ ತೆರೆದು ಅದರಲ್ಲಿ ಲಾಗಿನ್ ಆಗಿ. ಐದು ನಿಮಿಷದ ಈ ಪರೀಕ್ಷೆ ಗಂಟೆಗಳ ತಡಕಾಟ ಉಳಿಸುತ್ತದೆ. ಅಲ್ಲಿ ಎಲ್ಲ ಸರಿಯಿದ್ದರೆ ತೊಂದರೆ ನಿಮ್ಮ ಸೆಟ್ಟಿಂಗ್‌ನದು ಅಥವಾ ವಿಜೆಟ್‌ನದು. ಅಲ್ಲೂ ಕೆಟ್ಟಿದ್ದರೆ ಪ್ಯಾಕೇಜ್ ಅಥವಾ ಗ್ರಾಫಿಕ್ಸ್ ಡ್ರೈವರ್‌ನದು. ಎನ್ವಿಡಿಯಾ ಕಾರ್ಡ್‌ನಲ್ಲಿ ವೇಲ್ಯಾಂಡ್ ಮಿನುಗಿದರೆ ಡ್ರೈವರ್ 555ಕ್ಕಿಂತ ಹಳೆಯದೇ ನೋಡಿ. ಇದಕ್ಕೆ ಪರಿಹಾರವಾದ ಎಕ್ಸ್‌ಪ್ಲಿಸಿಟ್ ಸಿಂಕ್ ಬಂದದ್ದು ಆ ಡ್ರೈವರ್ ಮತ್ತು ಪ್ಲಾಸ್ಮಾ 6.1 ಎರಡೂ ಜೊತೆಗೂಡಿದಾಗ.

ತಪ್ಪು ಸೆಟ್ಟಿಂಗ್‌ನದೇ ಎಂದು ತಿಳಿದರೆ ಮೊದಲು ಪ್ಲಾಸ್ಮಾದಿಂದ ಲಾಗೌಟ್ ಆಗಿ, ಎಫ್3 ಕನ್ಸೋಲ್‌ನಿಂದ ಕೆಲಸ ಮಾಡಿ. ಡೆಸ್ಕ್‌ಟಾಪ್ ಓಡುತ್ತಿರುವಾಗ ಫೈಲ್ ಬದಲಿಸಿದರೆ ಅದು ಮುಚ್ಚುವಾಗ ತನ್ನ ನೆನಪಿನಲ್ಲಿರುವುದನ್ನು ಮೇಲೆಯೇ ಬರೆದುಬಿಡುತ್ತದೆ. ಕಾನ್ಫಿಗ್ ಪೂರ್ತಿ ಅಳಿಸಬೇಡಿ, ಅದರಲ್ಲಿ ಬೇರೆ ಆ್ಯಪ್‌ಗಳ ಸಾಮಾನೂ ಇದೆ. ಆಪ್ಲೆಟ್ಸ್‌ಆರ್‌ಸಿ ಫೈಲ್‌ನ ಹೆಸರು ಬದಲಿಸಿ ಲಾಗಿನ್ ಆಗಿ ನೋಡಿ. ಡಿಫಾಲ್ಟ್ ಪ್ಯಾನೆಲ್ ಬಂದರೆ ಕಾರಣ ಸಿಕ್ಕಿತು. ಬರದಿದ್ದರೆ ಚುಕ್ಕೆಯ ಕ್ಯಾಶ್ ಫೋಲ್ಡರ್ ಖಾಲಿ ಮಾಡಿ, ನಂತರ ಕೆವಿನ್‌ಆರ್‌ಸಿ. ಒಂದು ಸಲಕ್ಕೆ ಒಂದೇ.

ಹೊಸ ಖಾತೆಯಲ್ಲೂ ಕಾಣುವ ದೋಷವನ್ನು ದಯವಿಟ್ಟು ಕೆಡಿಇ ಬಗ್ ಟ್ರ್ಯಾಕರ್‌ಗೆ ಬರೆಯಿರಿ. ಮರುಕಳಿಸುವಂತೆ ಮಾಡುವ ಹೆಜ್ಜೆಗಳು, ನಿರೀಕ್ಷಿಸಿದ್ದು, ಆದದ್ದು, ಅಪ್‌ಡೇಟ್‌ಗೆ ಮುನ್ನ ಕಾಪಿ ಮಾಡಿಟ್ಟ ಆವೃತ್ತಿ ಪುಟ ಮತ್ತು ಈಗಿನದು, ಎರಡನ್ನೂ ಸೇರಿಸಿ. ಹಿಂದಿನ ಯಾವ ಸಂಖ್ಯೆಯಲ್ಲಿ ಸರಿಯಿತ್ತು ಎಂದು ಖಚಿತವಾಗಿ ಹೇಳಿದರೆ, ಡೆವಲಪರ್ ನೋಡಬೇಕಾದ ಬದಲಾವಣೆಗಳ ಪಟ್ಟಿ ಅಷ್ಟರಮಟ್ಟಿಗೆ ಚಿಕ್ಕದಾಗುತ್ತದೆ.