ಮಳೆಗಾಲದಲ್ಲಿ ಇಎಲ್‌ಸಿಬಿ ನಿಲ್ಲದಿದ್ದರೆ ನಾನು ಹುಡುಕುವ ಕ್ರಮ

ಜೂನ್ ಮಳೆ ಹಿಡಿಯಿತೆಂದರೆ ಕಾಸರಗೋಡಿನ ಕಡೆ ಕೇಳಿಬರುವ ದೂರು ಒಂದೇ: ಇಎಲ್‌ಸಿಬಿ ನಿಲ್ಲುವುದಿಲ್ಲ, ಏರಿಸಿದರೂ ಬೀಳುತ್ತದೆ, ಅದನ್ನು ತಪ್ಪಿಸಿ ಡೈರೆಕ್ಟ್ ಮಾಡಿಕೊಡಿ. ಹೆಸರು ಹಾಗೇ ಉಳಿದಿದೆ, ಈಗ ಡಿಬಿಯಲ್ಲಿ (ಮನೆಯ ಲೈನುಗಳು ಹಂಚಿಹೋಗುವ ಪೆಟ್ಟಿಗೆಯಲ್ಲಿ) ಇರುವುದು ಆರ್‌ಸಿಸಿಬಿ: ಹೋದ ಕರೆಂಟಿಗೂ ವಾಪಸು ಬಂದದ್ದಕ್ಕೂ ವ್ಯತ್ಯಾಸ ಕಂಡರೆ ತಾನಾಗಿ ಬೀಳುವ ಸ್ವಿಚ್. ಡೈರೆಕ್ಟ್ ಮಾಡಿಕೊಡುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಜಾಗದಲ್ಲಿ ಅರ್ತ್ ದಾರಿಯ ರೆಸಿಸ್ಟೆನ್ಸ್ 20 ಓಮ್ ಎಂದಿಟ್ಟುಕೊಳ್ಳಿ. ಗೀಸರಿನ ಮೈಗೆ ಫೇಸ್ ತಾಗಿದರೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ 11.5 ಆಂಪಿಯರ್. ಹೆಚ್ಚು ಕರೆಂಟು ಹರಿದರೆ ಮಾತ್ರ ಬೀಳುವ ಸ್ವಿಚ್ಚಾದ 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಬೀಳುವುದೇ ಇಲ್ಲ, ಗೀಸರಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ. ಅಲ್ಲಿ ಜೀವ ಕಾಯುವುದು 30 ಮಿಲಿಆಂಪಿಯರಿನ ಆ ಆರ್‌ಸಿಸಿಬಿ ಮಾತ್ರ.

ಮೊದಲು ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಏರಿಸುತ್ತೇನೆ. ನಿಂತರೆ ಒಂದೊಂದೇ ಎಂಸಿಬಿ ಏರಿಸುವುದು. ಯಾವುದಕ್ಕೆ ಬೀಳುತ್ತದೋ ಆ ಲೈನು. ಆದರೆ ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ಮನೆಯ ಎಂಸಿಬಿಗಳು ಸಾಮಾನ್ಯವಾಗಿ ಸಿಂಗಲ್ ಪೋಲ್. ಅವು ಫೇಸನ್ನಷ್ಟೇ ಕಡಿಯುತ್ತವೆ, ನ್ಯೂಟ್ರಲ್ ಜೋಡಿಸಿಕೊಂಡೇ ಇರುತ್ತದೆ. ಗೇಟಿನ ಲೈಟಿನ ನ್ಯೂಟ್ರಲ್ ಒದ್ದೆಯಾಗಿ ಅರ್ತಿಗೆ ತಾಗಿದ್ದರೆ, ಅಡಿಗೆಮನೆಯ ಮಿಕ್ಸಿ ತಿರುಗಿಸಿದಾಗ ಅದರ ವಾಪಸು ಕರೆಂಟಿನ ಒಂದು ಪಾಲು ಅರ್ತಿನ ದಾರಿ ಹಿಡಿಯುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಮನೆಯವರು ಮಿಕ್ಸಿ ಬದಲಿಸುತ್ತಾರೆ. ಎಲ್ಲ ಎಂಸಿಬಿ ಇಳಿಸಿದ ಮೇಲೂ ಬಿದ್ದರೆ ಮೊದಲ ಸಂಶಯ ನ್ಯೂಟ್ರಲಿನ ಮೇಲೆಯೇ ಇರಲಿ.

ಡಿಬಿ ಬಿಚ್ಚುವ ಮೊದಲು ಮೈನ್ ಸ್ವಿಚ್ ಇಳಿಸಿದರೆ ಸಾಲದು. ಕರೆಂಟು ಹೋಯಿತೆಂದು ಇನ್ವರ್ಟರು ತಾನಾಗಿ ಚಾಲೂ ಆಗಿ ಲೈಟಿನ ಲೈನುಗಳಿಗೆ 230 ವೋಲ್ಟ್ ಕೊಡುತ್ತದೆ. ಅದನ್ನು ಆಫ್ ಮಾಡಿ, ಔಟ್‌ಪುಟ್ಟಿನ ಪ್ಲಗ್ಗನ್ನೂ ಕಳಚಬೇಕು. ಉರಿಯದ ನಿಯಾನ್ ಟೆಸ್ಟರನ್ನು ನಾನು ನಂಬುವುದಿಲ್ಲ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತರೆ ಮಂಕಾಗುತ್ತದೆ, ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಮಲ್ಟಿಮೀಟರನ್ನು ಮೊದಲು ಕರೆಂಟಿರುವ ಪಾಯಿಂಟಿನಲ್ಲಿ ನೋಡಿ, ಆಮೇಲೆ ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರೂ ಅಳೆದು, ಕೊನೆಗೆ ಪುನಃ ಕರೆಂಟಿರುವಲ್ಲಿ ನೋಡಿಯೇ ವಯರಿಗೆ ಕೈ ಹಾಕುವುದು. ಮೀಟರಿನಿಂದ ಆಚೆಗಿನ ಸೀಲು ಮಾಡಿದ ಭಾಗ ವಿದ್ಯುತ್ ಮಂಡಳಿಯದು, ಅದನ್ನು ಮುಟ್ಟಬಾರದು. ಡಿಬಿಯ ಕೆಲಸವೂ ಪರ್ಮಿಟ್ ಇರುವ ವಯರ್‌ಮ್ಯಾನಿನದು.

ಡಿಬಿಯೊಳಗೆ ನ್ಯೂಟ್ರಲ್‌ಗಳೆಲ್ಲ ಸೇರುವ ಲಿಂಕಿನಿಂದ ಒಂದೊಂದೇ ವಯರು ಬಿಚ್ಚಿ, ಆಯಾ ಎಂಸಿಬಿಯ ನಂಬರನ್ನು ಟೇಪಿನಲ್ಲಿ ಬರೆದು ಸುತ್ತುತ್ತೇನೆ. ಬಲ್ಬು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಪ್ಲಗ್ಗಿಗೆ ಹಾಕಿದ್ದೆಲ್ಲ ಕಳಚಿ, ಆ ಲೈನಿನ ಫೇಸನ್ನೂ ಎಂಸಿಬಿಯಿಂದ ಬಿಡಿಸಿ, ಫೇಸ್-ನ್ಯೂಟ್ರಲ್ ಒಟ್ಟು ಸೇರಿಸಿ ಅರ್ತಿಗೆ 500 ವೋಲ್ಟಿನ ಮೆಗ್ಗರು (ವಯರಿನ ಇನ್ಸುಲೇಶನ್ ಅಳೆಯುವ ಮೀಟರು) ಹಿಡಿಯುವುದು. 1 ಮೆಗಾಓಮಿಗಿಂತ ಕೆಳಗಿದ್ದರೆ ಲೈನು ಕೆಟ್ಟಿದೆ. ಮಲ್ಟಿಮೀಟರಿನ ಓಮ್ ಇಲ್ಲಿ ಸಾಲದು. ಅದರ ಸಣ್ಣ ಬ್ಯಾಟರಿಗೆ ಸರಿಯಾಗಿ ಕಂಡ ವಯರು 230 ವೋಲ್ಟಿಗೆ ಸೋರಬಹುದು.

ತಪ್ಪು ಹೆಚ್ಚಾಗಿ ಸಿಗುವುದು ಹೊರಗೆ: ಗೇಟಿನ ಕಂಬ, ಜಗಲಿಯ ಸ್ವಿಚ್ ಬಾಕ್ಸ್, ಟೆರೇಸಿನ ಜಂಕ್ಷನ್ ಬಾಕ್ಸ್, ತೋಟದ ಪಂಪಿಗೆ ಟೇಪು ಸುತ್ತಿ ಬಿಟ್ಟ ಜೋಡಣೆ. ಗೇಟಿನ ಬಾಕ್ಸು ಬಿಚ್ಚಿದರೆ ಒಳಗೆ ಇರುವೆ ತಂದಿಟ್ಟ ಕೆಂಪುಮಣ್ಣು, ಅದಕ್ಕೆ ನೀರು ಸೇರಿ ಕೆಸರು, ಸ್ಕ್ರೂವಿನ ಬುಡದಲ್ಲಿ ಹಸಿರುಗಟ್ಟಿದ ತಾಮ್ರ. ಒಣಗಿಸಿ ಪುನಃ ಕೂರಿಸಿದರೆ ಮುಂದಿನ ಮಳೆಗೆ ಅದೇ ಕಥೆ. ಹಸಿರಾದಷ್ಟು ವಯರು ಕತ್ತರಿಸಿ, ಕನೆಕ್ಟರು ಹೊಸದು ಹಾಕಿ, ವಯರನ್ನು ಕೆಳಗಿನಿಂದ, ನೀರು ತಡೆಯುವ ಗ್ಲಾಂಡಿನ ಮೂಲಕ ಒಳಗೆ ತರುತ್ತೇನೆ. ಮೇಲಿನಿಂದ ತಂದರೆ ನೀರು ವಯರು ಹಿಡಿದುಕೊಂಡೇ ಇಳಿಯುತ್ತದೆ.

ಪುನಃ ಮೆಗ್ಗರು ಹಿಡಿದು, ಫೇಸ್, ನ್ಯೂಟ್ರಲ್‌ಗಳನ್ನು ನಂಬರಿನಂತೆ ಬಿಗಿದು, ಮೈನ್ ಏರಿಸಿ, ಆರ್‌ಸಿಸಿಬಿಯ ಟಿ ಬಟನ್ ಒತ್ತಿ ಬೀಳುತ್ತದೋ ನೋಡುವುದು. ಆ ಬಟನ್ ಆರ್‌ಸಿಸಿಬಿಯನ್ನಷ್ಟೇ ಪರೀಕ್ಷಿಸುತ್ತದೆ, ಅರ್ತನ್ನಲ್ಲ. ಲೈನಿನ ಅಳತೆಯನ್ನೂ ದಿನಾಂಕವನ್ನೂ ಡಿಬಿಯ ಬಾಗಿಲಿನ ಒಳಬದಿಗೆ ಬರೆದಿಡುತ್ತೇನೆ, ಮುಂದಿನ ಸಲ ಬಿಚ್ಚುವವನಿಗೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ ಎಂದು.