ಬಿಸಿನೀರ ಬುಗ್ಗೆ ನೋಡೋಕೆ ಕೋಲಾರದಿಂದ ಹೊರಡೋದು ಹೇಗೆ?

ಅಂತರಗಂಗೇಲಿ ಬಸವನ ಬಾಯಿಂದ ಬೀಳೋ ನೀರಿಗೆ ಕೈಯೊಡ್ಡಿದ್ರೆ ಬೇಸಿಗೇಲೂ ತಣ್ಣಗಿರುತ್ತೆ. ಅದೇ ತರ ಬಂಡೆ ಸಂದಿಯಿಂದ ಕುದಿಯೋ ನೀರು ಬರೋ ಜಾಗ ಇದೆ ಅಂದ್ರೆ ಕೆಳಗೆ ಬೆಂಕಿ ಹಾಕಿದಾರಾ ಅಂತ ಮಕ್ಕಳು ಕೇಳ್ತಾರೆ. ಕೆಜಿಎಫ್ ಗಣಿಗೆ ಇಳಿದವರ ಮನೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, 3 ಕಿಲೋಮೀಟರ್ ಆಳದಲ್ಲಿ ಬಂಡೆ ಬಿಸಿ 60 ಡಿಗ್ರಿ ದಾಟ್ತಿತ್ತು. ಮಳೆನೀರು ಬಿರುಕಲ್ಲಿ ಅಷ್ಟು ಆಳಕ್ಕೆ ಇಳಿದು ಕಾದು, ಆರೋಕೆ ಮುಂಚೆ ಮೇಲೆ ಬರೋ ದಾರಿ ಸಿಕ್ಕಿದ್ರೆ ಅದೇ ಬಿಸಿನೀರ ಬುಗ್ಗೆ. ಜಪಾನ್, ಐಸ್‌ಲ್ಯಾಂಡಲ್ಲಿ ಜ್ವಾಲಾಮುಖಿ ಇರೋದ್ರಿಂದ ಅಷ್ಟು ಆಳಾನೂ ಬೇಕಾಗಲ್ಲ.

ಟಿಕೆಟ್ ಬುಕ್ ಮಾಡೋಕೆ ಮುಂಚೆ ಒಂದು ತೀರ್ಮಾನ ಮಾಡ್ಕೊಳ್ಳಿ, ನೀರಿಗಿಳಿಯೋಕೆ ಹೋಗ್ತಿದೀರಾ, ನೋಡೋಕಾ? ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಅಂತ ನೀಲಿ, ಹಳದಿ, ಕಿತ್ತಳೆ ಬಣ್ಣದ ದೊಡ್ಡ ಬುಗ್ಗೆ ಇದೆ, ಹಲಗೆ ದಾರಿ ಬಿಟ್ಟು ಒಂದು ಹೆಜ್ಜೆನೂ ಇಡಬಾರ್ದು, ಆ ಪಾರ್ಕಿನ ಬುಗ್ಗೆಗಳಿಗೆ ಬಿದ್ದು ಜೀವ ಕಳ್ಕೊಂಡೋರಿದಾರೆ. (ಆ ಪಾರ್ಕಿನ ಬಿಸಿನೀರಲ್ಲೇ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದ ಕಿಣ್ವಾನೇ ಪಿಸಿಆರ್ ಟೆಸ್ಟ್‌ಗೆ ದಾರಿ ಮಾಡ್ತು, ಕೊರೊನಾ ಟೈಮಲ್ಲಿ ನಾವೆಲ್ಲ ಮೂಗೊಡ್ಡಿದ್ವಲ್ಲ, ಅದೇ.) ಇಂಗ್ಲೆಂಡಿನ ಬಾತ್ ಊರಿನ ರೋಮನ್ ಕೊಳಾನೂ ನೋಡೋಕಷ್ಟೇ. ಟರ್ಕಿಯ ಪಮುಕ್ಕಲೆಲಿ ಸುಣ್ಣದಂಶ ಗಟ್ಟಿಯಾಗಿ ಬೆಳ್ಳಗೆ ಮೆಟ್ಟಿಲು ಮೆಟ್ಟಿಲಾಗಿದೆ, ಚಪ್ಪಲಿ ಬಿಟ್ಟು ನಡೀಬೇಕು. ಐಸ್‌ಲ್ಯಾಂಡಿನ ಬ್ಲೂ ಲಗೂನ್ ಫೋಟೋ ಎಲ್ಲರೂ ಹಾಕ್ತಾರೆ, ಆದ್ರೆ ಅದು ತಾನಾಗೇ ಆಗಿದ್ದಲ್ಲ, ಪಕ್ಕದ ವಿದ್ಯುತ್ ಸ್ಥಾವರದಿಂದ ಹೊರಬಂದ ನೀರು. 2023ರ ಕೊನೆಯಿಂದ ಅಲ್ಲಿ ಲಾವಾ ಉಕ್ತಾ ಇತ್ತು, ಹೊರಡೋ ಮುಂಚೆ ತೆರೆದಿದೆಯಾ ಅಂತ ನೋಡ್ಕೊಳ್ಳಿ.

ಮೊದಲನೇ ಸಲ ಆದ್ರೆ ವೀಸಾ ತಲೆನೋವೇ ಬೇಡ, ಹಿಮಾಚಲದ ಮಣಿಕರಣ್‌ಗೆ ಹೋಗಿ ಅಂತ ನಾನು ಹೇಳೋದು. ಹೊಸಕೋಟೆ, ದೇವನಹಳ್ಳಿ ಮೇಲೆ ಏರ್‌ಪೋರ್ಟ್‌ಗೆ ಹೋಗಿ ಚಂಡೀಗಢ ತಲುಪಿದ್ರೆ, ಅಲ್ಲಿಂದ ಕುಲು ಕಡೆ ಬಸ್ಸು, ಭುಂತರ್‌ನಲ್ಲಿ ಇಳಿದು ಪಾರ್ವತಿ ನದಿ ಪಕ್ಕದ ರಸ್ತೆ ಹಿಡೀಬೇಕು. ಅಕ್ಕೀನ ಬಟ್ಟೇಲಿ ಗಂಟು ಕಟ್ಟಿ, ದಾರ ಕೈಯಲ್ಲಿ ಹಿಡ್ಕೊಂಡು ಕುಂಡಕ್ಕೆ ಇಳಿಬಿಡ್ತಾರೆ, ಸ್ವಲ್ಪ ಹೊತ್ತಿಗೆ ಗಂಟು ಉಬ್ಬಿ ಬಿಗಿಯಾಗುತ್ತೆ, ಎತ್ತಿ ಬಿಚ್ಚಿದ್ರೆ ಹಬೆ ಆಡೋ ಅನ್ನ. ಆ ಕುಂಡಕ್ಕೆ ಕೈ ಹಾಕಂಗಿಲ್ಲ, ಸ್ನಾನಕ್ಕೆ ಹದ ಮಾಡಿದ ನೀರಿನ ಕೊಳ ಬೇರೆ ಇದೆ. ಅಷ್ಟು ದೂರ ಆಗಲ್ಲ ಅನ್ನೋರಿಗೆ ಪುತ್ತೂರು ತಾಲೂಕಿನ ಇರ್ದೆಲಿ ಬೆಂದ್ರ್ ತೀರ್ಥ ಇದೆ, ತುಳುವಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು.

ಜಪಾನಿನ ಆನ್ಸೆನ್‌ಗೆ (ಬುಗ್ಗೆ ನೀರಲ್ಲಿ ಸ್ನಾನ ಮಾಡೋ ಜಾಗ) ಹೋದ್ರೆ ಮೊದ್ಲು ಹೊರಗೆ ಸ್ಟೂಲ್ ಮೇಲೆ ಕೂತು ಸೋಪ್ ಹಾಕಿ ತೊಳ್ಕೊಂಡು ಆಮೇಲೆ ಕೊಳಕ್ಕೆ ಇಳೀಬೇಕು, ಬಟ್ಟೆ ಇಲ್ದೆ, ಗಂಡಸರು ಹೆಂಗಸರು ಸಾಮಾನ್ಯವಾಗಿ ಬೇರೆ ಬೇರೆ. ಟವೆಲ್ ನೀರಿಗೆ ಅದ್ದಬಾರ್ದು. ಹಚ್ಚೆ ಇದ್ರೆ ಕೆಲವು ಕಡೆ ಒಳಗೇ ಬಿಡಲ್ಲ, ಮೊದ್ಲೇ ಕೇಳ್ಕೊಳ್ಳಿ.

ಇಳಿಯೋದು ಹೇಗೆ ಅನ್ನೋದೇ ಮುಖ್ಯ. ಮನೇಲಿ ಹಂಡೆ ನೀರಿಗೆ ತಣ್ಣೀರು ಬೆರೆಸ್ಕೋತೀವಿ, ಅಲ್ಲಿ ಹಂಗಾಗಲ್ಲ. ಮೊದ್ಲು ಪಾದ, ಆಮೇಲೆ ಮಂಡಿ, ನಿಧಾನಕ್ಕೆ ಸೊಂಟದವರೆಗೆ. 40 ಡಿಗ್ರಿ ಆಸುಪಾಸಿನ ನೀರಲ್ಲಿ ಹತ್ತು ನಿಮಿಷ ಸಾಕು, ತಲೆ ತಿರುಗಿದಂಗೆ ಆದ್ರೆ ತಕ್ಷಣ ಎದ್ದು ಕೂತ್ಕೊಳ್ಳಿ, ನೀರು ಕುಡೀರಿ. ಬಸುರಿಯರು, ಬಿಪಿ, ಹಾರ್ಟ್ ತೊಂದ್ರೆ ಇರೋರು ಡಾಕ್ಟರ್ ಕೇಳದೆ ಇಳೀಲೇಬೇಡಿ. ದಯವಿಟ್ಟು ಮುಳುಗು ಹಾಕ್ಬೇಡಿ, ತೀರ್ಥ ಅಂತ ಮೂಗು ಮುಳುಗಿಸೋ ಅಭ್ಯಾಸ ನಮ್ಗಿದೆ, ಬೆಚ್ಚನೆ ನೀರಲ್ಲಿರೋ ನೆಗ್ಲೇರಿಯಾ ಅನ್ನೋ ಅಮೀಬಾ ಮೂಗಿಂದ ಮೆದುಳಿಗೆ ಹೋದ್ರೆ ಉಳಿಯೋರು ತೀರಾ ಕಮ್ಮಿ.

ಬೆಳ್ಳಿ ಒಡವೆ ರೂಮಲ್ಲೇ ಬಿಚ್ಚಿಡಿ. ಮನಾಲಿ ಹತ್ರದ ವಶಿಷ್ಠದಲ್ಲಿ ಗಂಧಕದ ನೀರು, ನಮ್ಮತ್ತೆ ಕಾಲುಂಗುರ ಹಾಕ್ಕೊಂಡೇ ಇಳಿದ್ರು, ಮೇಲೆ ಬರೋ ಹೊತ್ತಿಗೆ ಅದು ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು, ಊರಿಗೆ ಬಂದು ವಿಭೂತಿ ಹಾಕಿ ಎರಡು ದಿನ ಉಜ್ಜಿದ ಮೇಲೇ ಹೊಳಪು ಬಂದಿದ್ದು.