ಇನ್ ನದಿಯ ಜಲ್ಲಿ ದಾರಿ: ಮೊದಲು ಗಾಳಿ, ಆಮೇಲೆ ಕಲ್ಲು

ಸ್ವಿಟ್ಜರ್ಲೆಂಡಿನ ಆಗ್ನೇಯ ಮೂಲೆಯ ಎಂಗಡೀನ್ ಕಣಿವೆಯಲ್ಲಿ ಇನ್ ನದಿ ಮಾಲೋಯಾದಿಂದ ಮಾರ್ತಿನಾದವರೆಗೆ ಸುಮಾರು 100 ಕಿ.ಮೀ. ಹರಿಯುತ್ತದೆ. ಮಾಲೋಯಾ 1815 ಮೀಟರ್ ಎತ್ತರದಲ್ಲಿದೆ, ಮಾರ್ತಿನಾ 1035 ಮೀಟರ್‌ನಲ್ಲಿದೆ. ಈ ಎರಡು ಅಂಕಿಗಳನ್ನು ನೋಡಿದವರಿಗೆ ಇದೆಲ್ಲಾ ಇಳಿಜಾರೇ ಅನ್ನಿಸುತ್ತದೆ. ಆದರೆ ಇಳಿಯುವುದು ನದಿ, ದಾರಿಯಲ್ಲ. ಶ್ಚಾನ್ಫ್ ದಾಟಿದ ಮೇಲೆ ನದಿ ಕೊರಕಲಿಗೆ ಇಳಿಯುತ್ತದೆ, ಜಲ್ಲಿ ದಾರಿ ಮಾತ್ರ ಕಾಡಿನೊಳಗೆ ಹತ್ತಿ ಇಳಿದು ಸಾಗುತ್ತದೆ. ಈ ಕಣಿವೆಯಲ್ಲಿ ಗ್ರಾವೆಲ್ ಬೈಕ್ (ಜಲ್ಲಿ ದಾರಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್) ಓಡಿಸುವಾಗ ನಾನು ಏನೇನು ಲೆಕ್ಕ ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಲೆಕ್ಕ ಗಾಳಿಯದು. ಸಾಮಾನ್ಯವಾಗಿ ಪರ್ವತ ಕಣಿವೆಗಳಲ್ಲಿ ಹಗಲು ಹೊತ್ತು ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಮೇಲಿನ ಎಂಗಡೀನಿನಲ್ಲಿ ಇದು ಉಲ್ಟಾ. ಮಾಲೋಯಾದ ಆಚೆ ಬದಿಯಲ್ಲಿ ಬ್ರೆಗಾಲ್ಯಾ ಕಣಿವೆ ಕಡಿದಾಗಿ ಕೆಳಗಿಳಿಯುತ್ತದೆ. ಅಲ್ಲಿ ಬಿಸಿಯಾಗಿ ಮೇಲೇರಿದ ಗಾಳಿ ಕಣಿವೆಯ ತುದಿಯಲ್ಲಿ ನಿಲ್ಲದೆ ಮಾಲೋಯಾ ದಾಟಿ ಎಂಗಡೀನಿಗೆ ಚೆಲ್ಲುತ್ತದೆ. ಇದಕ್ಕೆ ಮಾಲೋಯಾ ಗಾಳಿ ಎಂದೇ ಹೆಸರು. ಬಿಸಿಲಿನ ದಿನ ಮಧ್ಯಾಹ್ನದ ಹೊತ್ತಿಗೆ ಶುರುವಾಗಿ ಸಂಜೆಯವರೆಗೆ ನೈಋತ್ಯದಿಂದ ಬೀಸುತ್ತದೆ. ಸಿಲ್ವಾಪ್ಲಾನಾ ಸರೋವರದಲ್ಲಿ ಹಾಯಿ ಹಲಗೆಗಳು ಓಡುವುದು ಇದರ ಬಲದಿಂದಲೇ. ಹಾಗಾಗಿ ನಾನು ಮೇಲಿನ ಭಾಗವನ್ನು ಯಾವಾಗಲೂ ಸಿಲ್ಸ್ ಕಡೆಯಿಂದ ಕೆಳಗೆ, ಬೆಳಗ್ಗೆ ಹತ್ತು ಗಂಟೆಯ ನಂತರ ಓಡಿಸುತ್ತೇನೆ. ಅದೇ ದಾರಿಯನ್ನು ಮಧ್ಯಾಹ್ನ ಎರಡಕ್ಕೆ ಸಮೇದಾನ್‌ನಿಂದ ಮೇಲಕ್ಕೆ ಓಡಿಸಿದರೆ, ಸಮತಟ್ಟು ನೆಲದಲ್ಲೂ ಏರು ಹತ್ತಿದಷ್ಟೇ ಶಕ್ತಿ ಖರ್ಚಾಗುತ್ತದೆ.

ಸಿಲ್ಸ್‌ನಿಂದ ಸುರ್ಲೈವರೆಗೆ ಸರೋವರದ ದಕ್ಷಿಣ ದಡದ ಜಲ್ಲಿ ಗಟ್ಟಿಯಾಗಿದೆ, ಹೊಸಬರಿಗೂ ಕಷ್ಟವಿಲ್ಲ. ಅಲ್ಲಿಂದ ಕಾಡಿನ ದಾರಿಯಲ್ಲಿ ಸಾಂಕ್ಟ್ ಮೋರಿಟ್ಸ್, ಆಮೇಲೆ ಸಮೇದಾನ್. ಸಮೇದಾನ್ ಊರನ್ನು ಪ್ರವಾಹದಿಂದ ಕಾಪಾಡಲು 2000ರ ದಶಕದಲ್ಲಿ ಫ್ಲಾತ್ಸ್ ನದಿಯನ್ನೇ ಹೊಸ ಪಾತ್ರಕ್ಕೆ ತಿರುಗಿಸಿದರು. ಇಲ್ಲಿಂದ ಬೇವರ್, ಲಾ ಪುಂಟ್, ತ್ಸುವೋತ್ಸ್ ಮೂಲಕ ಶ್ಚಾನ್ಫ್‌ವರೆಗೆ ಹೆಚ್ಚಿನ ಭಾಗ ನದಿ ಪಕ್ಕದ ಜಲ್ಲಿ. ಹಿಂದಿನಿಂದ ಗಾಳಿ ತಳ್ಳುತ್ತಿದ್ದರೆ ಗಂಟೆಗೆ 25 ಕಿ.ಮೀ. ಸಲೀಸು. ಕಾಲಿಗೆ ಇಷ್ಟೇ ಸಾಲದು ಅನ್ನಿಸುವವರು ಪೊಂಟ್ರೆಸೀನಾದಿಂದ ರೋಸೆಗ್ ಕಣಿವೆಗೆ ಹೋಗಿ ಬರಬಹುದು. ಒಂದು ಕಡೆಗೆ ಸುಮಾರು 7 ಕಿ.ಮೀ., ಏರು 200 ಮೀಟರ್, ಕೊನೆಯಲ್ಲಿ ಹಿಮನದಿಗಳ ನೋಟ. ಆ ದಾರಿಯಲ್ಲಿ ಕುದುರೆ ಗಾಡಿಗಳು ಓಡಾಡುತ್ತವೆ. ಹಿಂದಿನಿಂದ ಸದ್ದಿಲ್ಲದೆ ಹೋದರೆ ಕುದುರೆ ಬೆದರುತ್ತದೆ. ದೂರದಿಂದಲೇ ಬೆಲ್ ಮಾಡಿ, ಗಾಡಿಯವರು ತಿರುಗಿ ನೋಡಿದ ಮೇಲೆ ದಾಟಬೇಕು.

ಶ್ಚಾನ್ಫ್‌ನಿಂದ ತ್ಸೆರ್ನೆತ್ಸ್‌ವರೆಗಿನ ಕಾಡಿನ ಭಾಗದಲ್ಲಿ ಗಿಯರ್ ಪರೀಕ್ಷೆ ಶುರು. ಚಿಕ್ಕ ಚಿಕ್ಕ ಏರುಗಳು, ಆದರೆ ಕಡಿದು. ಲೆಕ್ಕ ಹೀಗೆ: ಸವಾರ, ಬೈಕ್, ಬ್ಯಾಗ್ ಸೇರಿ 85 ಕಿಲೋ ಇದ್ದು ಶೇ. 12ರ ಏರನ್ನು ಗಂಟೆಗೆ 7 ಕಿ.ಮೀ. ವೇಗದಲ್ಲಿ ಹತ್ತಲು 220 ವ್ಯಾಟ್ ಹತ್ತಿರ ಬೇಕು. ಪೆಡಲ್ ಬಳಿಯ ಮುಂದಿನ ಹಲ್ಲುಚಕ್ರಕ್ಕೆ 40 ಹಲ್ಲು, ಹಿಂದಿನ ದೊಡ್ಡದಕ್ಕೆ 44 ಹಲ್ಲು ಇದ್ದರೆ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ 60 ಸುತ್ತು ಬರುತ್ತದೆ. ಹಿಂದೆ 34 ಹಲ್ಲೇ ಕೊನೆಯಾದರೆ ಅದು 45ಕ್ಕೆ ಇಳಿಯುತ್ತದೆ. ಅಷ್ಟು ನಿಧಾನಕ್ಕೆ ತುಳಿದಾಗ ಪ್ರತಿ ತುಳಿತಕ್ಕೂ ಒಮ್ಮೆಗೇ ಬಲ ಬಿದ್ದು, ಸಡಿಲ ಜಲ್ಲಿಯ ಮೇಲೆ ಹಿಂದಿನ ಚಕ್ರ ಜಾರುತ್ತದೆ. ಜಾರುವುದಕ್ಕೆ ಟೈರಿನ ಮೇಲೆ ತಪ್ಪು ಹೊರಿಸುವವರೇ ಜಾಸ್ತಿ, ತಪ್ಪು ಮಾತ್ರ ಬಹುಪಾಲು ಗಿಯರಿನದು. ಮುಂದಿನ ಹಲ್ಲುಗಳಿಗಿಂತ ಹಿಂದಿನವು ಹೆಚ್ಚಿರಲಿ. ಎರಡು ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಇದ್ದವರಿಗೆ ಮುಂದೆ 30, ಹಿಂದೆ 34 ಸಾಕು.

ತ್ಸೆರ್ನೆತ್ಸ್ ದಾಟಿದ ಮೇಲೆ ಕಲ್ಲಿನ ಲೆಕ್ಕ ಬರುತ್ತದೆ. ನನ್ನ ಮಟ್ಟಿಗೆ ಈ ಕಣಿವೆಯಲ್ಲಿ ತಿಳಿದುಕೊಳ್ಳಲೇಬೇಕಾದ ಸಂಗತಿ ಇದೇ. ಭೂವಿಜ್ಞಾನಿಗಳು ‘ಎಂಗಡೀನ್ ಕಿಟಕಿ’ ಎಂದು ಕರೆಯುವ ಪ್ರದೇಶ ಗ್ವಾರ್ದಾದ ಆಸುಪಾಸಿನಿಂದ ಆಸ್ಟ್ರಿಯಾದ ಪ್ರುಟ್ಸ್‌ವರೆಗೆ ಹಬ್ಬಿದೆ. ಮೇಲಿನ ಪದರಗಳು ಸವೆದು, ಅಡಿಯ ಮೆತ್ತನೆಯ ಶಿಸ್ಟ್ ಕಲ್ಲು ಅಲ್ಲಿ ಹೊರಗೆ ಬಂದಿದೆ. ಗ್ವಾರ್ದಾ, ಫ್ತಾನ್, ಸೆಂಟ್ ಊರುಗಳಿರುವ ಉತ್ತರದ ಇಳಿಜಾರಿನಲ್ಲಿ ಇದು ಎದ್ದು ಕಾಣುತ್ತದೆ. ಒಣಗಿದಾಗ ಚಪ್ಪಟೆ ಚೂರುಗಳಾಗಿ ಒಳ್ಳೆಯ ಹಿಡಿತ ಕೊಡುತ್ತದೆ. ಮಳೆ ಬಿದ್ದರೆ ಬೂದು ಬಣ್ಣದ ಅಂಟು ಕೆಸರಾಗಿ ಟೈರಿಗೂ ಫ್ರೇಮಿಗೂ ನಡುವೆ ತುಂಬಿಕೊಳ್ಳುತ್ತದೆ. ನದಿಯ ದಕ್ಷಿಣಕ್ಕೆ, ಶ್ಚಾರ್ಲ್ ಕಡೆ, ಸುಣ್ಣಕಲ್ಲಿನ ಜಾತಿಯ ಡಾಲೊಮೈಟ್ ಕಲ್ಲು. ಅದು ಬೆಳ್ಳಗೆ, ಚೂಪಾಗಿ ಒಡೆಯುತ್ತದೆ, ಮಳೆಯಲ್ಲೂ ಬೇಗ ನೀರು ಬಸಿದುಕೊಳ್ಳುತ್ತದೆ. ಆದರೆ ಟೈರಿನ ಪಕ್ಕವನ್ನು ಸೀಳುತ್ತದೆ. ಹೀಗಾಗಿ ರಾತ್ರಿ ಮಳೆ ಬಂದಿದ್ದರೆ ನಾನು ಬೆಳಗ್ಗೆ ದಕ್ಷಿಣದ ದಾರಿ ಹಿಡಿಯುತ್ತೇನೆ, ಉತ್ತರದ್ದನ್ನು ಒಂದು ದಿನ ಒಣಗಲು ಬಿಡುತ್ತೇನೆ.

ಟೈರ್ 45 ಮಿ.ಮೀ., ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ್ದು). ಫ್ರೇಮಿಗೂ ಟೈರಿಗೂ ನಡುವೆ ಎರಡೂ ಕಡೆ ಕನಿಷ್ಠ 6 ಮಿ.ಮೀ. ಜಾಗ ಇರಬೇಕು. ಇಲ್ಲದಿದ್ದರೆ ಶಿಸ್ಟ್ ಕೆಸರು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ, ಒಳಗಿನ ಹರಳು ಫ್ರೇಮಿನ ಬಣ್ಣವನ್ನು ಉಜ್ಜಿ ತೆಗೆಯುತ್ತದೆ. 70 ಕಿಲೋ ಸವಾರನಿಗೆ ಮುಂದೆ 28, ಹಿಂದೆ 31 ಪಿಎಸ್‌ಐ ಗಾಳಿ. ಡಾಲೊಮೈಟ್ ಕಡೆ ಹೋಗುವ ದಿನ ಎರಡಕ್ಕೂ 3 ಹೆಚ್ಚು. ಪ್ರತಿ ಟೈರಿಗೆ 60ರಿಂದ 80 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ). ಮುಳ್ಳಿನಷ್ಟು ತೂತನ್ನು ಸೀಲೆಂಟ್ ಮುಚ್ಚುತ್ತದೆ, 3-4 ಮಿ.ಮೀ. ತೂತಿಗೆ ರಬ್ಬರ್ ಪ್ಲಗ್ ಬೇಕು. ಪಕ್ಕ ಸೀಳಿದರೆ ಇವೆರಡೂ ನಿಲ್ಲುವುದಿಲ್ಲ. ಆಗ ಒಳಗಿನಿಂದ ಹಳೆಯ ಟೈರಿನ ತುಂಡೊಂದನ್ನು ಇಟ್ಟು, ಟ್ಯೂಬ್ ಹಾಕಬೇಕು. ಅಂಗೈಯಗಲದ ಒಂದು ತುಂಡು ನನ್ನ ಸೀಟಿನ ಚೀಲದಲ್ಲಿ ಸದಾ ಇರುತ್ತದೆ. ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆಲ್ಲಾ ಬಟ್ಟೆ ಆಡಿಸಿ ನೋಡಿ. ಸೀಲೆಂಟ್ ಹಿಂದೆ ಮುಚ್ಚಿದ್ದ ಮುಳ್ಳುಗಳು ಅಲ್ಲೇ ಚುಚ್ಚಿಕೊಂಡಿರುತ್ತವೆ, ಹೊಸ ಟ್ಯೂಬು ಹತ್ತೇ ನಿಮಿಷದಲ್ಲಿ ಹೋಗುತ್ತದೆ. ಟ್ಯೂಬ್‌ಲೆಸ್ ವಾಲ್ವಿನ ನಟ್ಟನ್ನು ಮನೆಯಲ್ಲಿ ಬೆರಳಲ್ಲೇ ಬಿಗಿ ಮಾಡಿರಬೇಕು. ಇಕ್ಕಳದಿಂದ ಬಿಗಿ ಮಾಡಿದ್ದರೆ ಕಾಡಿನಲ್ಲಿ ಟ್ಯೂಬ್ ಹಾಕಲು ಅದನ್ನು ಬಿಚ್ಚಲಾಗುವುದಿಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ಬೈಕ್ ತರುವವರು ಟೈರಿಗೆ ಗಾಳಿ ತುಂಬುವ ಪುಟ್ಟ ಗ್ಯಾಸ್ ಸಿಲಿಂಡರ್ ನಂಬದೆ ಕೈಪಂಪ್ ತನ್ನಿ.

ಲವೀನ್‌ನಿಂದ ಗ್ವಾರ್ದಾಕ್ಕೆ ಸುಮಾರು 240 ಮೀಟರ್ ಏರು. ಗ್ವಾರ್ದಾ ಊರನ್ನು ಚೆನ್ನಾಗಿ ಕಾಪಾಡಿಕೊಂಡಿದ್ದಕ್ಕೆ 1975ರಲ್ಲಿ ವಾಕರ್ ಪ್ರಶಸ್ತಿ ಬಂದಿದೆ. ಗೋಡೆಗಳ ಗಾರೆ ಗೀರಿ ಬಿಡಿಸಿದ ಚಿತ್ತಾರಗಳನ್ನು ನೋಡಲಾದರೂ ಅರ್ಧ ಗಂಟೆ ನಿಲ್ಲಬೇಕು. ಆಮೇಲೆ ಆರ್ದೆತ್ಸ್‌ಗೆ ಇಳಿದು, ಮತ್ತೆ ಫ್ತಾನ್‌ಗೆ ಹತ್ತಿ, ಸ್ಕುವೋಲ್‌ಗೆ ಇಳಿಯಬೇಕು. ಮರದ ಕೊಳವೆಯಿಂದ ಸದಾ ನೀರು ಬೀಳುವ ತೊಟ್ಟಿಗಳು ಊರೂರಲ್ಲೂ ಇವೆ. ‘ಕೈನ್ ಟ್ರಿಂಕ್‌ವಾಸ್ಸರ್’ ಎಂಬ ಬೋರ್ಡ್ ಇದ್ದರೆ ಮಾತ್ರ ಕುಡಿಯಬಾರದು. ಹಾಗಾಗಿ ಈ ಭಾಗಕ್ಕೆ ಒಂದೇ ಬಾಟಲಿ ಸಾಕು.

ಸ್ಕುವೋಲ್‌ನಿಂದ ಶ್ಚಾರ್ಲ್ ಕಣಿವೆಗೆ ಹತ್ತುವುದು ಇಡೀ ದಿನದ ಕೆಲಸ. ಶ್ಚಾರ್ಲ್ 1810 ಮೀಟರ್‌ನಲ್ಲಿದೆ, ಅದರಾಚೆ ಕೊಸ್ತಾಯ್ನಾಸ್ ಪಾಸ್ (ಬೆಟ್ಟ ದಾಟುವ ಜಾಗ) 2251 ಮೀಟರ್‌ನಲ್ಲಿ. ಒಟ್ಟು ಏರು ಸಾವಿರ ಮೀಟರ್ ದಾಟುತ್ತದೆ. ನಡುವೆ ತಮಾಂಗುರ್ ಎಂಬ ಆರ್ವೆ ಪೈನ್ ಕಾಡು, ಅಷ್ಟು ಎತ್ತರದಲ್ಲಿ ನಿಂತ ಹಳೆಯ ಮರಗಳು. ಆಸ್ತ್ರಾಸ್ ಎಂಬ ಬೇಸಿಗೆ ಹಟ್ಟಿಯವರೆಗೆ ಅಗಲ ಜಲ್ಲಿ, ಅಲ್ಲಿಂದಾಚೆ ಕಿರುದಾರಿ. ಜೂನ್ ಆರಂಭದಲ್ಲಿ ಮೇಲೆ ಹಿಮ ಉಳಿದಿರಬಹುದು. ಗುಡುಗು ಮಳೆ ಬಂದರೆ ಕಡಿದಾದ ಬದಿಗಳಿಂದ ಕಲ್ಲು ಮಣ್ಣು ಕೊಚ್ಚಿಕೊಂಡು ದಾರಿಗೇ ಇಳಿಯುತ್ತದೆ. ಬೇಸಿಗೆಯಲ್ಲಿ ಮೋಡ ಕಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಆದ್ದರಿಂದ ಬೆಳಗ್ಗೆ ಏಳಕ್ಕೆ ಹೊರಟು, ಒಂದು ಗಂಟೆಯೊಳಗೆ ಪಾಸ್‌ನಿಂದ ಇಳಿಯತೊಡಗಿರಬೇಕು.

ಇಳಿಯುವಾಗ ಕೆಡುವುದು ಬ್ರೇಕ್. ಒಂದೇ ಸಮ ಹಿಡಿದುಕೊಂಡು ಬಂದರೆ ರೆಸಿನ್ (ರಾಳ ಬೆರೆಸಿದ) ಬ್ರೇಕ್ ಪ್ಯಾಡಿನ ಮುಖ ಕಾದು ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ನಡುವೆ ಪೂರಾ ಬಿಟ್ಟು ಡಿಸ್ಕ್ ತಣ್ಣಗಾಗಲು ಅವಕಾಶ ಕೊಡಬೇಕು. ಕೆಸರಿನ ದಿನ ರೆಸಿನ್ ಪ್ಯಾಡು ಕಣ್ಣೆದುರೇ ಸವೆಯುತ್ತದೆ. ಲೋಹ ಬೆರೆಸಿದ ಸಿಂಟರ್ಡ್ ಪ್ಯಾಡು ಸದ್ದು ಮಾಡಿದರೂ ಬಾಳುತ್ತದೆ, ನಾನು ಹಾಕುವುದು ಅದನ್ನೇ. ಒಂದು ಜೊತೆ ಹೆಚ್ಚುವರಿ ಪ್ಯಾಡು ಇಟ್ಟುಕೊಳ್ಳಿ. ಚಕ್ರ ಬಿಚ್ಚಿದಾಗ ಬ್ರೇಕ್ ಹಿಡಿ ಮುಟ್ಟಬೇಡಿ, ಪಿಸ್ಟನ್‌ಗಳು ಹೊರಬಂದರೆ ಚಕ್ರ ಮತ್ತೆ ಒಳಗೆ ಕೂರುವುದಿಲ್ಲ.

ದಾರಿಗೆ ಅಡ್ಡ ಕಟ್ಟಿದ ದನದ ಬೇಲಿಯ ತಂತಿಯಲ್ಲಿ ಕರೆಂಟು ಇರುತ್ತದೆ. ಪ್ಲಾಸ್ಟಿಕ್ ಹಿಡಿ ಹಿಡಿದೇ ತೆಗೆಯಬೇಕು, ದಾಟಿದ ತಕ್ಷಣ ಮುಚ್ಚಬೇಕು. ಕರು ಜೊತೆಗಿರುವ ಹಸುಗಳ ನಡುವೆ ನುಗ್ಗದೆ, ಇಳಿದು ಸುತ್ತಿ ಹೋಗಿ. ಕೆಂಪು ದಾರಿಫಲಕದಲ್ಲಿ ತಿಳಿನೀಲಿ ಅಂಕಿ ಇದ್ದರೆ ಸೈಕಲ್ ಮಾರ್ಗ, ಕಂದು ಹಳದಿ ಇದ್ದರೆ ಮೌಂಟನ್ ಬೈಕ್ ಮಾರ್ಗ. ಪೂರಾ ಹಳದಿ ಫಲಕ ನಡೆಯುವವರದು. 1914ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನದ ಕಾಲುದಾರಿಗಳಲ್ಲಿ ಸೈಕಲ್ ನಿಷಿದ್ಧ. ಭೂಪಟದಲ್ಲಿ ಆಸೆ ಹುಟ್ಟಿಸುವ ಊಯ್ನಾ ಕಮರಿಯ ದಾರಿ 1908-1910ರಲ್ಲಿ ಬಂಡೆ ಕೊರೆದು ಮಾಡಿದ್ದು, ಅಲ್ಲಿ ಇಳಿದು ತಳ್ಳಲೇಬೇಕು. ಬ್ಯಾಗ್ ಕಟ್ಟಿದ ಗ್ರಾವೆಲ್ ಬೈಕಿಗೆ ಅದು ತಕ್ಕುದಲ್ಲ. ಅದರ ಬದಲು ಸುರ್ ಎನ್‌ನಿಂದ ನದಿಯ ಬಲದಂಡೆಯ ಕಾಡಿನ ದಾರಿ ಹಿಡಿದು ಮಾರ್ತಿನಾ ಸೇರಿ.

ಏನಾದರೂ ಕೈಕೊಟ್ಟರೆ ರೇಟಿಯನ್ ರೈಲು ಇದೆ, ಬೈಕಿಗೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. ಗ್ವಾರ್ದಾ ನಿಲ್ದಾಣ ಊರಿನಿಂದ ಬಹಳ ಕೆಳಗೆ, ಕಣಿವೆಯ ತಳದಲ್ಲಿದೆ. ಚಿಕ್ಕ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮಿನ ಗುಂಡಿ ಒತ್ತದಿದ್ದರೆ ರೈಲು ನಿಲ್ಲದೆ ಹೋಗುತ್ತದೆ. ಹಳಿ ಸ್ಕುವೋಲ್‌ನಲ್ಲೇ ಮುಗಿಯುತ್ತದೆ, ಮಾರ್ತಿನಾ ಕಡೆಗೆ ಹಳದಿ ಬಸ್ ಮಾತ್ರ. ಆದ್ದರಿಂದ ಸ್ಕುವೋಲ್ ಬಿಡುವ ಮುಂಚೆ ಪ್ಯಾಡು, ಸೀಲೆಂಟ್, ಚೈನು ಮೂರನ್ನೂ ಒಮ್ಮೆ ನೋಡಿಕೊಳ್ಳಿ. ಫೋನಿನಲ್ಲಿ ಆಂಬ್ಯುಲೆನ್ಸಿನ 144 ಮತ್ತು ಹೆಲಿಕಾಪ್ಟರ್ ನೆರವಿನ 1414 ಎರಡೂ ನಂಬರ್ ಇರಲಿ.